ಸರ್ವರ್ ಎಲ್ಲಿದೆ ಅಂತ ಕೇಳಿದ್ದೀರಾ?

ಪ್ರಾಜೆಕ್ಟ್ ವೆಬ್‌ಸೈಟ್‌ಗೆ ಹೋಸ್ಟಿಂಗ್ ಹುಡುಕುವಾಗ ನಾವು ನೋಡೋದು ಎರಡೇ: ಫ್ರೀನಾ, ಎಷ್ಟು ಜಿಬಿ? ಸರ್ವರ್ ಎಲ್ಲಿದೆ ಅಂತ ಯಾರೂ ಕೇಳಲ್ಲ. ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಲೆಕ್ಕ ಸರಳ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಚಾಮರಾಜನಗರದಿಂದ ಅಮೆರಿಕದ ವರ್ಜೀನಿಯಾಕ್ಕೆ ನೇರ ಗೆರೆ ಎಳೆದರೂ 13,000 ಕಿ.ಮೀ.ಗೂ ಹೆಚ್ಚು, ಹೋಗಿಬರಲು ಕನಿಷ್ಠ 130 ಮಿಲಿಸೆಕೆಂಡ್. ಮುಂಬೈ ಸುಮಾರು 900 ಕಿ.ಮೀ.; 9 ಮಿಲಿಸೆಕೆಂಡ್. ಪುಟದ ಮೊದಲ ಅಕ್ಷರ ಬರುವ ಮುಂಚೆ ಟಿಸಿಪಿ, ಟಿಎಲ್‌ಎಸ್, ರಿಕ್ವೆಸ್ಟ್ ಅಂತ ಸಾಮಾನ್ಯವಾಗಿ ಮೂರು ಸುತ್ತು ಆಗಬೇಕು. ಕೇಬಲ್ ನೇರವಾಗಿ ಹೋಗಲ್ಲ, ಹಾಗಾಗಿ ನಿಜವಾದ ಹೊತ್ತು ಇನ್ನೂ ಜಾಸ್ತಿ.

ಕ್ಯಾಂಪಸ್ ವೈಫೈನಲ್ಲಿ ಇದು ಅಷ್ಟಾಗಿ ಗೊತ್ತಾಗಲ್ಲ, ನಿಜ. ಆದರೆ ನಮ್ಮ ಸೈಟ್ ಯಾರಿಗೆ? ತೆರಕಣಾಂಬಿ ಮಾರುಕಟ್ಟೆಯ ತರಕಾರಿ ದರ ತೋರಿಸುವ ಸೈಟ್ ಮಾಡಿದರೆ, ಗುಂಡ್ಲುಪೇಟೆ ಕಡೆಯ ರೈತರು ಅದನ್ನು ತೆರೆಯೋದು ಹೊಲದಲ್ಲಿ ನಿಂತು, ಒಂದೆರಡು ಕಡ್ಡಿ ಸಿಗ್ನಲ್‌ನಲ್ಲಿ. ಬಂಡೀಪುರದ ಕಾಡಂಚಿಗೆ ಹೋದರೆ ಅದೂ ಬಂದುಹೋಗಿ ಮಾಡುತ್ತದೆ. 1 ಎಂಬಿಪಿಎಸ್ ಸಿಕ್ಕರೆ 5 ಎಂಬಿ ಪುಟಕ್ಕೆ 40 ಸೆಕೆಂಡ್ ಬೇಕು. ಅಷ್ಟರಲ್ಲಿ ಅವರು ಮಂಡಿಗೇ ಫೋನ್ ಮಾಡಿ ದರ ಕೇಳಿರುತ್ತಾರೆ. ಅದೇ ಪುಟ 500 ಕೆಬಿ ಆಗಿದ್ದರೆ 4 ಸೆಕೆಂಡ್ ಸಾಕು.

ಟವರ್ ಹಾಕಿಸೋದು ನಮ್ಮ ಕೈಲಿಲ್ಲ ಅನ್ನಬಹುದು. ಒಪ್ಪೋಣ. ಆದರೆ ಸರ್ವರ್ ಎಲ್ಲಿರಬೇಕು, ಫೋಟೋ ಎಷ್ಟು ದೊಡ್ಡದಿರಬೇಕು ಅನ್ನೋದು ನಮ್ಮ ಕೈಲೇ ಇದೆ. ಮುಂಬೈ ರೀಜನ್ ಸಿಕ್ಕರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಭಾರತದಲ್ಲೂ ಸರ್ವರ್ ಇಟ್ಟಿರುವ ಸಿಡಿಎನ್ ಬಳಸಿ. ವೈವಾಕ್ಕೆ ಮುಂಚೆ ಒಮ್ಮೆ ಲ್ಯಾಬ್ ಬಿಟ್ಟು, ಗುಂಡ್ಲುಪೇಟೆ ಆಚೆಯ ಹೊಲದ ಬದುವಿನಲ್ಲಿ ಮೊಬೈಲ್ ಡೇಟಾ ಹಾಕಿ ತೆರೆದು ನೋಡಿ. ಅಲ್ಲಿ ಓಡಿದರೆ ಮಾತ್ರ ಪ್ರಾಜೆಕ್ಟ್ ಮುಗಿದಂತೆ.