ಹಳೆಯ ಪಾಯ, ಹೊಸ ಭಾರ

ಅರಳೆಯ ಕಾರಖಾನೆಗಳ ಹಳೆಯ ಪಾಯಗಳ ಮೇಲೆಯೇ ಹೊಸ ಯಂತ್ರಗಳನ್ನು ಕೂಡಿಸುವ ಪದ್ಧತಿಯ ಕಡೆಗೆ ಧಾರವಾಡ ಜಿಲ್ಲೆಯ ಕಾರಖಾನೆದಾರರ ಹಾಗೂ ಪರವಾನಿಗೆ ಕೊಡುವ ಅಧಿಕಾರಿಗಳ ಲಕ್ಷ್ಯವನ್ನು ಸೆಳೆಯುವದು ಅವಶ್ಯವೆಂದು ನಮಗೆ ತೋರುತ್ತದೆ. 2000ನೆಯ ಇಸವಿಯಲ್ಲಿ ಕೇಂದ್ರ ಸರಕಾರವು ಹತ್ತಿಯ ತಾಂತ್ರಿಕ ಮಿಷನ್ನನ್ನು ಆರಂಭಿಸಿ, ಅದರ ಒಂದು ಭಾಗವನ್ನು ಜಿನ್ನಿಂಗ ಮತ್ತು ಪ್ರೆಸ್ಸಿಂಗ ಕಾರಖಾನೆಗಳ ಸುಧಾರಣೆಗೇ ಮೀಸಲಿಟ್ಟಿತು. ಹಗುರಾದ ಹಳೆಯ ಜಿನ್ನುಗಳ ಸ್ಥಳದಲ್ಲಿ ದೊಡ್ಡ ಜಿನ್ನುಗಳೂ, 170 ಕಿಲೋ ತೂಕದ ಅಂಡಿಗೆಗಳನ್ನು ಬಿಗಿಯುವ ಹೈಡ್ರಾಲಿಕ ಪ್ರೆಸ್ಸುಗಳೂ ಬರುವದು ಇಷ್ಟವೇ ಸರಿ. ಯಂತ್ರದ ಬೆಲೆ, ವಿದ್ಯುತ್ತಿನ ಖರ್ಚು, ಸಾಲದ ಬಡ್ಡಿ ಇವುಗಳ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಕೆಳಗಿನ ನೆಲವು ಎಷ್ಟು ಹೊರಬಲ್ಲದೆಂಬ ಲೆಕ್ಕವನ್ನು ಹಾಕುವವರು ವಿರಳ.

"ಅಜ್ಜನ ಕಾಲದ ಕಲ್ಲು ಸುಣ್ಣದ ಪಾಯ, ಇಷ್ಟು ವರ್ಷ ಅಲುಗದ್ದು ಈಗ ಅಲುಗೀತೇ?" ಎಂಬುದು ಸಾಮಾನ್ಯ ವಾದ. ಅಣ್ಣಿಗೇರಿಯವರಾದರೆ 11ನೆಯ ಶತಮಾನದಿಂದ ನಿಂತಿರುವ ತಮ್ಮೂರ ಅಮೃತೇಶ್ವರ ದೇವಾಲಯವನ್ನೇ ತೋರಿಸಿಯಾರು. ಈ ವಾದದಲ್ಲಿ ತಥ್ಯವೇ ಇಲ್ಲವೆಂದು ನಾವು ಹೇಳುವದಿಲ್ಲ. ಬಹುಕಾಲ ಭಾರ ಹೊತ್ತ ಜೇಡಿಮಣ್ಣು ಒತ್ತಿಕೊಂಡು ಮೊದಲಿಗಿಂತ ಗಟ್ಟಿಯಾಗುವದುಂಟೆಂದು ಇಂಜಿನಿಯರರೂ ಒಪ್ಪುತ್ತಾರೆ. ಆದರೆ ಹಳೆಯ ಪಾಯವು ಸಾಕ್ಷಿ ನುಡಿಯುವದು ತಾನು ಹೊತ್ತ ಭಾರದ ಮಟ್ಟಿಗೆ, ತಾನು ಕಂಡ ನೀರಿನ ಮಟ್ಟಿಗೆ ಮಾತ್ರ. ದೇವಾಲಯದ ಭಾರವು ನಿಶ್ಚಲವಾದದ್ದು; ಯಂತ್ರದ್ದು ಹಗಲಿರುಳು ನಡುಗುವ ಭಾರ. ಹಿಂದಕ್ಕೂ ಮುಂದಕ್ಕೂ ಹೊಡೆಯುವ ಎಂಜಿನ್ನಿನ ಕೆಳಗೆ ಅದರ ಐದು ಪಟ್ಟು ತೂಕದ ಕಾಂಕ್ರೀಟು ಇರಬೇಕೆಂಬ ರೂಢಿ ಬಿದ್ದದ್ದು ಇದಕ್ಕಾಗಿಯೇ. ಆ ಕಾಂಕ್ರೀಟಿನ ತೂಕವನ್ನೂ ಕೊನೆಗೆ ಹೊರಬೇಕಾದದ್ದು ನೆಲವೇ.

ಇನ್ನು ನೆಲದ ಮಾತು. ಕಲಘಟಗಿಯ ಕಡೆಗೆ, ಮಲೆನಾಡಿನ ಸೆರಗಿನ ಕೆಂಪು ಮಣ್ಣಿನಲ್ಲಿ, ಈ ಚಿಂತೆ ಅಷ್ಟಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯ ಸ್ವಭಾವವೇ ಬೇರೆ. ಮಾಂಟ್‌ಮೊರಿಲೊನೈಟ್ ಎಂಬ ಖನಿಜದಿಂದ ತುಂಬಿದ ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕುಗಳನ್ನು ಯಾವ ರೈತನೂ ಬಲ್ಲನು. ಈ ಏರಿಳಿತವು ಮೂರೂವರೆ ಮೀಟರಿನ ಆಸುಪಾಸಿನವರೆಗೂ ಮುಟ್ಟಬಲ್ಲದು. ಹಳೆಯ ಪಾಯಗಳು ಅಷ್ಟು ಆಳಕ್ಕೆ ಇಳಿದಿರುವದು ಅಪರೂಪ. ಅಲ್ಲದೆ ಅವುಗಳನ್ನು ಕಟ್ಟಿದ ಕಾಲಕ್ಕೆ ಸುತ್ತಲಿನದು ಒಣಬೇಸಾಯದ ಸೀಮೆ. ಮಲಪ್ರಭೆಯ ಕಾಲುವೆ ಬಂದ ತರುವಾಯ ನವಲಗುಂದದ ಅನೇಕ ಹೊಲಗಳಲ್ಲಿ ನೀರು ನಿಲ್ಲತೊಡಗಿತು; ಬೆಣ್ಣೆಹಳ್ಳದ ಪ್ರವಾಹವಂತೂ ಇದ್ದೇ ಇದೆ. ಹಳೆಯ ಊರುಗಳಲ್ಲಿ ಇನ್ನೊಂದು ಅಪಾಯವೂ ಉಂಟು: ಕಾಳು ಹಾಕುತ್ತಿದ್ದ ಹಗೇವುಗಳು ಮುಚ್ಚಿಹೋಗಿ, ಯಾವ ಹಿತ್ತಲ ಕೆಳಗೆ ಇವೆಯೆಂಬುದು ಮನೆಯವರಿಗೇ ಮರೆತಿರುತ್ತದೆ.

ಪಾಯದ ಒಂದು ಮೂಲೆ ಅರ್ಧ ಇಂಚು ಕುಸಿದರೆ ಯಂತ್ರವು ಉರುಳಿ ಬೀಳುವದಿಲ್ಲ. ಆದರೆ ದಂಡದ ನೇರ ತಪ್ಪುತ್ತದೆ, ಬೋಲ್ಟುಗಳು ಸಡಿಲುತ್ತವೆ, ಬೇರಿಂಗುಗಳು ಕಾಯುತ್ತವೆ. ಅರಳೆಯ ಧೂಳಿನ ನಡುವೆ ಕಾದ ಬೇರಿಂಗು ಎಂದರೆ ಬೆಂಕಿಗೆ ಆಮಂತ್ರಣವೇ. ಅಲ್ಲಿ ದುಡಿಯುವ ಹೆಣ್ಣುಮಕ್ಕಳ ಪ್ರಾಣವನ್ನು ಯಾವ ಸಾಲದ ಲೆಕ್ಕದಲ್ಲಿ ಬರೆಯುವದು?

ಪರೀಕ್ಷೆ ಮಾಡಿದೆವೆಂದು ಹೇಳುವವರೂ ಹಲವೊಮ್ಮೆ ಮೇಲುಮೇಲೆ ನೋಡಿ ಬಿಡುತ್ತಾರೆ. ಮುವತ್ತು ಸೆಂಟಿಮೀಟರಿನ ಉಕ್ಕಿನ ಫಲಕವನ್ನಿಟ್ಟು ಭಾರ ಹೇರಿದರೆ ಅದರ ಒತ್ತು ಎರಡಡಿಯ ಕೆಳಗೆ ಹೆಚ್ಚು ಮುಟ್ಟುವದಿಲ್ಲ. ಮೂರು ಮೀಟರು ಅಗಲದ ಯಂತ್ರಪಾಯದ ಒತ್ತು ಐದಾರು ಮೀಟರು ಕೆಳಗಿನ ಮಣ್ಣನ್ನು ಕಲಕುತ್ತದೆ. ಕೆನಡಾ ದೇಶದ ಟ್ರಾನ್ಸ್‌ಕೋನಾ ಎಂಬಲ್ಲಿ ರೈಲ್ವೆಯವರು ಕಟ್ಟಿದ ಭಾರಿ ಧಾನ್ಯದ ಕಣಜವು 1913ರ ಅಕ್ಟೋಬರದಲ್ಲಿ, ಕಾಳು ತುಂಬುತ್ತಿರುವಾಗಲೇ, ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿಬಿಟ್ಟಿತು. ಅಲ್ಲಿಯೂ ಫಲಕದ ಪರೀಕ್ಷೆ ಆಗಿತ್ತು. ಮೇಲಿನ ಗಟ್ಟಿ ಜೇಡಿಯು ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು, ಅದರ ಕೆಳಗಿನ ಮೆತ್ತನೆಯ ಜೇಡಿಯನ್ನು ಯಾರೂ ಕೇಳಲಿಲ್ಲ. ಆಮೇಲೆ ಬಂಡೆಯವರೆಗೆ ಕಂಬಗಳನ್ನಿಳಿಸಿ ಅದನ್ನು ನೆಟ್ಟಗೆ ಮಾಡಬೇಕಾಯಿತು.

ಉಪಾಯಗಳು ನಮ್ಮ ದೇಶದಲ್ಲಿಯೇ ಇವೆ. 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರು ಎತ್ತರದಿಂದ ಬೀಳಿಸಿ, ಕೊಳವೆಯು ನೆಲದಲ್ಲಿ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುವ ಪರೀಕ್ಷೆಯನ್ನು ಆಳ ಆಳಕ್ಕೂ ಮಾಡಬಹುದು. ನೆಲ ಸಾಲದೆಂದು ಕಂಡರೆ, ಎರೆಮಣ್ಣಿಗಾಗಿಯೇ ರೂರಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬೆಳೆಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಂಬಗಳನ್ನು ಏರಿಳಿತದ ಪದರನ್ನು ದಾಟಿಸಿ ಇಳಿಸಬಹುದು. 1947ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ ಬಿ.ವ್ಹಿ.ಬಿ. ಕಾಲೇಜು ಇಂದು ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಇಂಥ ಪ್ರಶ್ನೆಗೆ ಬಲ್ಲವರನ್ನು ಹುಡುಕಿಕೊಂಡು ಮುಂಬಯಿಗೆ ಹೋಗಬೇಕಾದ ಕಾಲವಿದಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಹಳೆಯ ಪಾಯದ ಮೇಲೆ ಹೆಚ್ಚಿನ ಭಾರವನ್ನು ಕೂಡಿಸಲು ಪರವಾನಿಗೆ ಕೇಳುವವರಿಂದ, ಪಾಯದ ಮಗ್ಗುಲಲ್ಲಿ ಗುಂಡಿ ತೋಡಿ ಅದರ ಆಳ ಅಗಲಗಳನ್ನು ಕಣ್ಣಾರೆ ಕಂಡು ಬರೆದ, ಮಣ್ಣಿನ ಪರೀಕ್ಷೆಯನ್ನೊಳಗೊಂಡ ವರದಿಯನ್ನು ಅಧಿಕಾರಿಗಳು ತರಿಸಿಕೊಳ್ಳಬೇಕು. ಸಾಲ ಕೊಡುವ ಬ್ಯಾಂಕುಗಳೂ ಅದನ್ನೇ ಕೇಳಬೇಕು. ಹತ್ತಿಯ ಹಂಗಾಮು ಮುಗಿದು ಕಾರಖಾನೆಗಳು ನಿಂತಿರುವ ಬೇಸಗೆಯಲ್ಲೊಮ್ಮೆ, ಮಳೆ ಚೆನ್ನಾಗಿ ಇಳಿದ ಮೇಲೆ ಇನ್ನೊಮ್ಮೆ ಈ ಕೆಲಸ ನಡೆಯಲು ಅಡ್ಡಿಯೇನೂ ನಮಗೆ ಕಾಣುವದಿಲ್ಲ.