ಐದು ವರ್ಷದ ಗುಳಿಗೆಗೆ ಊರಿನಲ್ಲೇ ಆಸರೆ ಬೇಕು

ಆಪರೇಷನ್, ಕಿಮೊ, ಕರೆಂಟು ಕೊಡುವುದು ಎಲ್ಲ ಮುಗಿಸಿ ಹುಬ್ಬಳ್ಳಿಯಿಂದಲೋ ಮಣಿಪಾಲದಿಂದಲೋ ಬೆಂಗಳೂರಿನ ಕಿದ್ವಾಯಿಯಿಂದಲೋ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಮರಳುವ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಬಹಳಷ್ಟು ಮಂದಿಯ ಕೈಯಲ್ಲಿ ಒಂದು ಚೀಟಿ ಇರುತ್ತದೆ. ದಿನಕ್ಕೊಂದು ಗುಳಿಗೆ, ಕನಿಷ್ಠ ಐದು ವರ್ಷ. ಮನೆಯವರ ಲೆಕ್ಕದಲ್ಲಿ ಚಿಕಿತ್ಸೆ ಅಲ್ಲಿಗೆ ಮುಗಿದಿರುತ್ತದೆ. ಕೂದಲು ಮತ್ತೆ ಬರುತ್ತದೆ, ನೆಂಟರು ಬಂದು ಮಾತಾಡಿಸಿ ಹೋಗುತ್ತಾರೆ, ಅಡುಗೆಮನೆ ಕೊಟ್ಟಿಗೆಗಳ ಕೆಲಸ ಮೊದಲಿನಂತೆ ಅವಳ ಹೆಗಲಿಗೆ ಬರುತ್ತದೆ. ನಿಜವಾಗಿ ನೋಡಿದರೆ ಚಿಕಿತ್ಸೆಯ ಅತಿ ಉದ್ದದ ಭಾಗ ಶುರುವಾಗುವುದೇ ಆಗ. ಅದನ್ನು ಅವಳು ಬಹುಮಟ್ಟಿಗೆ ಒಬ್ಬಳೇ ನಡೆಸಬೇಕು.

ಗಡ್ಡೆಯ ಜೀವಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿದ್ದರೆ ಆ ಹಾರ್ಮೋನೇ ಗಡ್ಡೆಗೆ ಆಹಾರ. ಟ್ಯಾಮಾಕ್ಸಿಫೆನ್ ಆ ಗ್ರಾಹಕದಲ್ಲಿ ತಾನೇ ಕೂತು ಈಸ್ಟ್ರೋಜನ್‌ಗೆ ಜಾಗ ಸಿಗದಂತೆ ಮಾಡುತ್ತದೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಎಂಬ ಇನ್ನೊಂದು ಗುಂಪಿನ ಗುಳಿಗೆಗಳು, ಮುಟ್ಟು ನಿಂತವರ ಕೊಬ್ಬು ಮತ್ತು ಸ್ನಾಯುಗಳಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುತ್ತವೆ. ಟ್ಯಾಮಾಕ್ಸಿಫೆನ್ ಹಳೆಯ ಔಷಧ. 1962ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಗರ್ಭನಿರೋಧಕಕ್ಕಾಗಿ ಹುಡುಕುತ್ತಿದ್ದಾಗ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಅದನ್ನು ತಯಾರಿಸಿದರು. ಈಸ್ಟ್ರೋಜನ್ ಗ್ರಾಹಕವಿರುವ ಗಡ್ಡೆಯಿದ್ದವರು ಐದು ವರ್ಷ ಅದನ್ನು ಬಿಡದೆ ತೆಗೆದುಕೊಂಡರೆ, ಮೊದಲ 15 ವರ್ಷಗಳಲ್ಲಿ ಈ ರೋಗದಿಂದ ಸಾಯುವ ಸಂಭವ ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ. ಜಗತ್ತಿನ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿದ್ದು ಇದನ್ನು. ಒಂದು ಸಣ್ಣ, ಅಗ್ಗದ ಗುಳಿಗೆಯಿಂದ ಇಷ್ಟು ದೊಡ್ಡ ಲಾಭ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಪರೂಪ.

ಆದರೆ ಅದನ್ನು ನುಂಗಬೇಕಲ್ಲ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 8,769 ಮಹಿಳೆಯರ ದಾಖಲೆಗಳನ್ನು ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ತಿ ಅವಧಿಗೆ ಸರಿಯಾಗಿ ಗುಳಿಗೆ ತೆಗೆದುಕೊಂಡವರು 49 ಪ್ರತಿಶತ ಮಾತ್ರ. ಅಲ್ಲಿ ವಿಮೆ ಇತ್ತು, ಔಷಧ ಇತ್ತು, ವೈದ್ಯರು ಹತ್ತಿರವಿದ್ದರು. ಆದರೂ ಅರ್ಧದಷ್ಟು ಜನ ದಾರಿಯಲ್ಲೇ ಉಳಿದರು. ಗುಳಿಗೆ ಬಿಡಲು ಮುಖ್ಯ ಕಾರಣಗಳಲ್ಲೊಂದು ಅಡ್ಡಪರಿಣಾಮ ಎಂಬುದನ್ನು ಇಂಥ ಅನೇಕ ಅಧ್ಯಯನಗಳು ಕಂಡಿವೆ. ಹೀಗಾಗಿ ಅಡ್ಡಪರಿಣಾಮವನ್ನು ಸಹಿಸಿಕೊಳ್ಳಬೇಕಾದ ಸಣ್ಣ ಕಿರಿಕಿರಿ ಎಂದು ಕಾಣುವುದು ತಪ್ಪು. ಚಿಕಿತ್ಸೆ ಸೋಲುವುದೇ ಅಲ್ಲಿ.

ಲೆಟ್ರೊಜೋಲ್ ಗುಂಪಿನ ಗುಳಿಗೆ ತಿನ್ನುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗಂಟುನೋವು ಬರುತ್ತದೆ. ಶುರುವಾಗುವುದು ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲಿ. ಬೆಳಗ್ಗೆ ಏಳುವಾಗ ಬೆರಳು ಮಡಚಲು ಬರುವುದಿಲ್ಲ, ಮಣಿಕಟ್ಟು ಜೋಮು ಹಿಡಿಯುತ್ತದೆ, ಮಂಡಿ ಬಿಗಿಯುತ್ತದೆ. ಪಟ್ಟಣದ ಆಸ್ಪತ್ರೆಯಲ್ಲಿ ಕೂತು ಬರೆಯುವ ವೈದ್ಯರಿಗೆ ಇದು ಕೈಪಿಡಿಯ ಒಂದು ಸಾಲು. ಘಟ್ಟದ ಮೇಲಿನ ಹೆಂಗಸಿಗೆ ಅದು ಬೆಳಗಿನ ಹಾಲು ಕರೆಯುವ ಹೊತ್ತು. ಚಳಿಗಾಲ ಬಂದರೆ ಕೊನೆಕೊಯ್ಲು. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುವುದು ಬಹುಪಾಲು ಹೆಂಗಸರೇ. ಕೂಲಿಗೆ ಸುಲಿಯುವವಳಾದರೆ ಬೆರಳು ನಿಧಾನವಾದಷ್ಟೂ ದಿನದ ಗಳಿಕೆ ಕಡಿಮೆ. ಒಂದು ಹಂಗಾಮು ಕೈಬಿಟ್ಟರೆ ಮನೆ ನಡೆಯದು ಎಂಬಂಥ ಸ್ಥಿತಿಯಲ್ಲಿ ಅವಳು ಗುಳಿಗೆಯನ್ನೇ ಬಿಟ್ಟರೆ, ಅವಳನ್ನು ದೂರುವ ಹಕ್ಕು ನಮಗಿಲ್ಲ. ಅವಳಿಗೆ ಬೇರೆ ದಾರಿಗಳಿದ್ದವು, ಅವನ್ನು ಯಾರೂ ತೋರಿಸಲಿಲ್ಲ.

ದಾರಿಗಳು ನಿಜಕ್ಕೂ ಇವೆ. ಒಂದು ಗುಳಿಗೆ ಒಗ್ಗದಿದ್ದರೆ ಅದೇ ಗುಂಪಿನ ಇನ್ನೊಂದಕ್ಕೆ, ಇಲ್ಲವೇ ಟ್ಯಾಮಾಕ್ಸಿಫೆನ್‌ಗೆ ವೈದ್ಯರು ಬದಲಿಸಬಹುದು. ಒಂದರಲ್ಲಿ ನರಳಿದವರು ಇನ್ನೊಂದರಲ್ಲಿ ಆರಾಮಾಗಿರುವುದುಂಟು. ಕೆಲವೊಮ್ಮೆ ವೈದ್ಯರೇ ಕೆಲವು ವಾರ ಬಿಡುವು ಕೊಟ್ಟು ನೋಡುತ್ತಾರೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿಸಿದ ಅಮೆರಿಕದ ಪ್ರಯೋಗವೊಂದರಲ್ಲಿ ಗಂಟುನೋವು ಗಮನಾರ್ಹವಾಗಿ ಇಳಿದದ್ದು 2015ರಲ್ಲಿ ವರದಿಯಾಗಿದೆ. ‘ತೋಟದಲ್ಲಿ ಓಡಾಡುತ್ತೀಯಲ್ಲ, ಮತ್ತೆ ಎಂಥ ವ್ಯಾಯಾಮ’ ಎನ್ನುವವರಿಗೆ ಒಂದು ಮಾತು: ಬಗ್ಗಿ ಗುಡಿಸುವುದು, ಒಂದೇ ಭಂಗಿಯಲ್ಲಿ ಕೂತು ಸುಲಿಯುವುದು ದುಡಿಮೆ. ಬಿಗಿದ ಗಂಟನ್ನು ಸಡಿಲಿಸುವ ವ್ಯಾಯಾಮವನ್ನು ಫಿಸಿಯೊಥೆರಪಿಸ್ಟ್ ಬೇರೆಯಾಗಿಯೇ ಹೇಳಿಕೊಡಬೇಕು.

ಮೂಳೆಯ ವಿಚಾರ ನೋವಿನಷ್ಟು ಗದ್ದಲ ಮಾಡುವುದಿಲ್ಲ. ಅದಕ್ಕೇ ಹೆಚ್ಚು ಅಪಾಯ. ಲೆಟ್ರೊಜೋಲ್ ಗುಂಪಿನ ಗುಳಿಗೆಗಳು ಮೂಳೆಯನ್ನು ಸವೆಸುತ್ತವೆ. ಶುರುವಿನಲ್ಲೇ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ, ಆಮೇಲೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ, ಬೇಕಾದರೆ ಆರು ತಿಂಗಳಿಗೊಮ್ಮೆ ಜೋಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ಕೊಡುವುದು ಕ್ರಮ. ಮಳೆಗಾಲದ ತಿಂಗಳುಗಳಲ್ಲಿ ಬಿಸಿಲೇ ಕಾಣದ ನಮ್ಮ ಸೀಮೆಯಲ್ಲಿ, ಪಾಚಿ ಕಟ್ಟಿದ ಅಂಗಳದಲ್ಲಿ, ತೋಟಕ್ಕೆ ಇಳಿಯುವ ಜಾರು ಮೆಟ್ಟಿಲುಗಳಲ್ಲಿ ಮೂಳೆ ಸವೆದ ಹೆಂಗಸು ಬಿದ್ದರೆ ಸೊಂಟ ಮುರಿಯಬಹುದು. ಅಂಗಳಕ್ಕೆ ಸೋಗೆ ಹಾಸುವ ಹಳೆಯ ರೂಢಿ ಅಂಥ ಮನೆಗಳಲ್ಲಿ ಚಿಕಿತ್ಸೆಯ ಭಾಗ ಎಂದೇ ತಿಳಿಯಬೇಕು.

ಮೈಯೊಳಗಿಂದ ಝಳ ಎದ್ದು, ಮುಖ ಕೆಂಪಾಗಿ, ಬೆವರಿ, ಆಮೇಲೆ ಚಳಿಯಾಗುವುದು ಎರಡೂ ಬಗೆಯ ಗುಳಿಗೆಯಲ್ಲಿ ಸಾಮಾನ್ಯ. ಈಸ್ಟ್ರೋಜನ್ ಪ್ರಭಾವ ಕುಗ್ಗಿದಾಗ ಮಿದುಳಿನ ಉಷ್ಣ ನಿಯಂತ್ರಣ ಕೇಂದ್ರ ಅತಿ ಸೂಕ್ಷ್ಮವಾಗಿ, ಸ್ವಲ್ಪ ಬಿಸಿಗೂ ಬೆವರಿಸಲು ಹೊರಡುತ್ತದೆ. ‘ಉಷ್ಣ ಆಗಿದೆ’ ಎಂದು ಮನೆಯಲ್ಲಿ ತಂಬುಳಿ ಮಾಡಿಕೊಟ್ಟರೆ ಒಳ್ಳೆಯದೇ. ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಲ್ಲುವ ಕೆಲಸವನ್ನು ಬೇರೆಯವರು ವಹಿಸಿಕೊಂಡರೆ ಇನ್ನೂ ಒಳ್ಳೆಯದು. ರಾತ್ರಿ ನಿದ್ದೆಯೇ ಇಲ್ಲದಷ್ಟಾದರೆ ವೆನ್ಲಾಫಾಕ್ಸಿನ್, ಗ್ಯಾಬಾಪೆಂಟಿನ್‌ನಂಥ ಹಾರ್ಮೋನೇತರ ಔಷಧಗಳಿವೆ.

ಇಲ್ಲೇ ಎರಡು ಅಪಾಯಗಳನ್ನು ಹೇಳಿಬಿಡಬೇಕು. ಮುಟ್ಟು ನಿಲ್ಲುವ ಹೊತ್ತಿನ ತೊಂದರೆ ಎಂದು ತಿಳಿದು ಯಾರಾದರೂ ಹಾರ್ಮೋನ್ ಗುಳಿಗೆ ಬರೆದುಕೊಟ್ಟರೆ ಅದನ್ನು ತೆಗೆದುಕೊಳ್ಳಬಾರದು. ಸ್ತನ ಕ್ಯಾನ್ಸರ್ ಆದವರಿಗೆ ಅಂಥ ಹಾರ್ಮೋನ್ ಕೊಟ್ಟು ನೋಡಿದ ಸ್ವೀಡನ್ನಿನ ಪ್ರಯೋಗದಲ್ಲಿ ರೋಗ ಮರುಕಳಿಸುವುದು ಹೆಚ್ಚಾಗಿ, ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಮನಸ್ಸಿನ ಖಿನ್ನತೆಗೆ ಕೊಡುವ ಪ್ಯಾರೊಕ್ಸಿಟಿನ್, ಫ್ಲುಯೊಕ್ಸಿಟಿನ್ ಗುಳಿಗೆಗಳು ಟ್ಯಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯವಾಗುವುದನ್ನು ಕುಗ್ಗಿಸುತ್ತವೆ. ಊರಿನ ವೈದ್ಯರ ಬಳಿ ಯಾವ ಕಾಯಿಲೆಗೆ ಹೋದರೂ ಈ ಗುಳಿಗೆಯ ಚೀಟಿ ಮೊದಲು ತೋರಿಸಬೇಕಾದದ್ದು ಇದಕ್ಕೆ.

ಟ್ಯಾಮಾಕ್ಸಿಫೆನ್ ತಿನ್ನುತ್ತಿರುವವರಲ್ಲಿ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರನ್ನು ಕಾಣಬೇಕು, ಏಕೆಂದರೆ ಈ ಗುಳಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತದೆ. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ ಸೂಚನೆ. ಅದು ಮರುದಿನಕ್ಕೆ ಕಾಯುವ ವಿಷಯವಲ್ಲ. ಇನ್ನೊಂದು ಸಂಗತಿ ನಮ್ಮ ಕಡೆ ಮುಖ್ಯ. ಗರ್ಭಕೋಶ ತೆಗೆಸಿಕೊಂಡವರಿಗೆ ಮುಟ್ಟು ಇರುವುದಿಲ್ಲ, ಆದರೆ ಅಂಡಾಶಯ ಉಳಿದಿದ್ದರೆ ಈಸ್ಟ್ರೋಜನ್ ತಯಾರಾಗುತ್ತಲೇ ಇರಬಹುದು. ಅಂಥವರಿಗೆ ಲೆಟ್ರೊಜೋಲ್ ಒಂದೇ ಸಾಲದು. ಹಳೆಯ ಆಪರೇಷನ್ನಿನ ಕಾಗದ ಹುಡುಕಿ ತೋರಿಸಿದರೆ ಔಷಧದ ಆಯ್ಕೆಯೇ ಬದಲಾದೀತು.

ಹೇಳಲಾಗದ ನೋವೂ ಇದೆ. ಯೋನಿಯ ಒಣಗುವಿಕೆ, ಉರಿ, ಗಂಡನ ಜತೆಗಿನ ಸಂಬಂಧದಲ್ಲಿ ನೋವು, ಆಸೆಯೇ ಇಲ್ಲವಾಗುವುದು. ಮಗನನ್ನೋ ಅಣ್ಣನನ್ನೋ ಜತೆಗೆ ಕರೆದುಕೊಂಡು ಹುಬ್ಬಳ್ಳಿಗೆ ಹೋದ ಹೆಂಗಸು ಇದನ್ನು ಪುರುಷ ವೈದ್ಯರೆದುರು ಹೇಗೆ ಹೇಳಿಯಾಳು? ವೈದ್ಯರೂ ಕೇಳುವುದಿಲ್ಲ. ಹಾರ್ಮೋನ್ ಇಲ್ಲದ ಜೆಲ್‌ಗಳಿಂದ ಎಷ್ಟೋ ಸಮಾಧಾನ ಸಿಗುತ್ತದೆ. ಆದರೆ ಆ ಮಾತು ಮೊದಲು ಎತ್ತಲು ಒಬ್ಬ ದಾದಿ ಬೇಕು, ಬಾಗಿಲು ಮುಚ್ಚುವ ಒಂದು ಕೋಣೆ ಬೇಕು. ‘ಜೀವ ಉಳಿಯಿತಲ್ಲ, ಉಳಿದದ್ದೆಲ್ಲ ಯಾಕೆ’ ಎನ್ನುವ ಮಾತು ಅವಳ ಬಾಯಿ ಕಟ್ಟುತ್ತದೆ. ಆ ಮಾತನ್ನು ನಾವು ಆಡುವುದು ನಿಲ್ಲಬೇಕು.

ಸಾಗರ ತಾಲ್ಲೂಕಿನ ಆನಂದಪುರ ಬಳಿಯ ನರಸೀಪುರದಲ್ಲಿ ಕ್ಯಾನ್ಸರಿಗೆಂದು ಕೊಡುವ ಮರದ ತೊಗಟೆಯ ಔಷಧಕ್ಕಾಗಿ ದೂರದೂರದ ಜನ ಸರದಿ ನಿಂತದ್ದನ್ನು ಈ ಭಾಗದವರು ಕಂಡಿದ್ದಾರೆ. ಅಲ್ಲಿಗೆ ಹೋಗುವವರ ನಂಬಿಕೆಯನ್ನು ಹೀಗಳೆದರೆ ಅವರು ವೈದ್ಯರಿಂದ ಅದನ್ನು ಮುಚ್ಚಿಡುತ್ತಾರೆ, ಅಷ್ಟೇ. ನಾಟಿ ಔಷಧವಾಗಲಿ, ಶತಾವರಿಯಿರುವ ಟಾನಿಕ್ ಆಗಲಿ, ಏನು ತೆಗೆದುಕೊಳ್ಳುತ್ತಿದ್ದರೂ ಕ್ಯಾನ್ಸರ್ ವೈದ್ಯರಿಗೆ ತಿಳಿಸಬೇಕು. ಅವನ್ನು ನಂಬಿ ಗುಳಿಗೆ ಬಿಡಬಾರದು.

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿ ಜಾಲತಾಣಗಳಲ್ಲಿ ಎದ್ದ ಕೂಗು, 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್ ಬಳಿ ಉರುಳಿ ನಾಲ್ವರು ಸತ್ತಾಗ ಮತ್ತೆ ಜೋರಾಯಿತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಐದು ವರ್ಷದ ಗುಳಿಗೆಗೆ ದೊಡ್ಡ ಕಟ್ಟಡ ಬೇಕಿಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೊಮೀಟರ್, ಯಲ್ಲಾಪುರದಿಂದ ಎಪ್ಪತ್ತು. ಸಿದ್ದಾಪುರದವರಿಗೆ ಶಿವಮೊಗ್ಗವೂ ದೂರ, ಮಣಿಪಾಲವೂ ದೂರ. ಬೆರಳು ಬಿಗಿದಿದೆ ಎಂದು ಹೇಳಲು ಒಂದು ದಿನದ ದುಡಿಮೆ ಬಿಟ್ಟು ಅಷ್ಟು ದೂರ ಯಾರೂ ಹೋಗುವುದಿಲ್ಲ.

ರಾಜ್ಯ ಸರ್ಕಾರ 2025ರಲ್ಲಿ 16 ಕಡೆ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು ತೆರೆಯಿತು. 2024ರಲ್ಲಿ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆ ಮನೆಬಾಗಿಲಿಗೆ ಹೋಗಿ ಬಿಪಿ, ಸಕ್ಕರೆ ಕಾಯಿಲೆಗಳ ಜತೆ ಸ್ತನ ಕ್ಯಾನ್ಸರನ್ನೂ ತಪಾಸಣೆ ಮಾಡುವ ಉದ್ದೇಶದ್ದು. ರೋಗ ಹುಡುಕಲು ಮನೆಗೆ ಹೋಗುವ ಕಾರ್ಯಕರ್ತೆ, ಚಿಕಿತ್ಸೆ ಮುಗಿಸಿ ಬಂದವಳ ಮನೆಗೂ ಮೂರು ತಿಂಗಳಿಗೊಮ್ಮೆ ಹೋಗಿ ‘ಗುಳಿಗೆ ತಿನ್ನುತ್ತಿದ್ದೀರಾ, ಏನು ತೊಂದರೆ’ ಎಂದು ಕೇಳುವಂತಾಗಬೇಕು. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ತರಬೇತಾದ ದಾದಿ ಮತ್ತು ಫಿಸಿಯೊಥೆರಪಿಸ್ಟ್ ಈ ಮೂರೂ ತಾಲ್ಲೂಕಿನವರಿಗೆಂದೇ ಕೂರಲಿ. ಔಷಧ ಬದಲಿಸಬೇಕಾದಾಗ ಕಿದ್ವಾಯಿಯ ಅಥವಾ ಹುಬ್ಬಳ್ಳಿಯ ತಜ್ಞರನ್ನು ಅಲ್ಲಿಂದಲೇ ವಿಡಿಯೊ ಕರೆಯಲ್ಲಿ ಕಾಣುವಂತಾಗಲಿ. ಜನೌಷಧಿ ಪಟ್ಟಿಯಲ್ಲಿರುವ ಈ ಗುಳಿಗೆಗಳು ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ತಪ್ಪದೆ ಸಿಗಲಿ. ಡೆಕ್ಸಾ ಪರೀಕ್ಷೆಗೆ ಹೋಗಿಬರುವ ಖರ್ಚನ್ನು ಆರೋಗ್ಯ ಕರ್ನಾಟಕ ಯೋಜನೆ ಭರಿಸಲಿ. ಜಿಲ್ಲೆಯ ಶಾಸಕರಿಗೆ ಕೊಡುವ ಮುಂದಿನ ಆಸ್ಪತ್ರೆ ಮನವಿಯಲ್ಲಿ, ಕಟ್ಟಡದ ಬೇಡಿಕೆಯ ಜತೆಗೇ ಇವನ್ನೂ ಸೇರಿಸಿ ಕೇಳೋಣ.