ದಿನ ತುಂಬುವ ಮೊದಲೇ

ಮಧ್ಯ ಅಮೆರಿಕದ ಕೋಸ್ಟರಿಕಾ, ಪನಾಮಾ ದೇಶಗಳ ತಗ್ಗುನಾಡಿನ ಮಳೆಕಾಡುಗಳಲ್ಲಿ ಕೆಂಗಣ್ಣಿನ ಮರಗಪ್ಪೆಯಿದೆ. ಹಸಿರು ಮೈ, ಪಕ್ಕೆಯಲ್ಲಿ ನೀಲಿ-ಹಳದಿ ಪಟ್ಟೆ, ಕಿತ್ತಳೆ ಬಣ್ಣದ ಪಾದ. ಚೆಲುವೆಯೇ ಸರಿ. ಆದರೆ ನಾನು ಹೇಳಹೊರಟಿರುವುದು ಅದರ ಮೊಟ್ಟೆಗಳ ವಿಷಯ.

ಹೆಣ್ಣು ಕಪ್ಪೆ ಮೊದಲು ಕೊಳಕ್ಕಿಳಿದು ಮೈತುಂಬ ನೀರು ಹೀರಿಕೊಳ್ಳುತ್ತದೆ. ಬಳಿಕ ನೀರಿನ ಮೇಲೆ ಬಾಗಿದ ಎಲೆಯೊಂದನ್ನೇರಿ ಸುಮಾರು 40 ಮೊಟ್ಟೆಗಳನ್ನು ಲೋಳೆಯೊಂದಿಗೆ ಅಂಟಿಸುತ್ತದೆ. ಹೀರಿದ ನೀರು ಮೊಟ್ಟೆಗಳನ್ನು ತೇವವಾಗಿಡಲು. ಅಷ್ಟು ಮಾಡಿ ತಾಯಿ ಹೊರಟುಹೋಗುತ್ತದೆ. ಕಾವಲಿಗೆ ಯಾರೂ ಇಲ್ಲ.

ಆರೇಳು ದಿನಗಳಲ್ಲಿ ಮರಿಗಳು ಗೊದಮೊಟ್ಟೆಗಳಾಗಿ ಕೆಳಗಿನ ನೀರಿಗೆ ಬೀಳಬೇಕು. ಅದಕ್ಕೆ ಮೊದಲೇ ಹಾವು ಬಂದರೆ? ವಿಜ್ಞಾನಿ ಕ್ಯಾರೆನ್ ವಾರ್ಕೆಂಟಿನ್ 1995ರಲ್ಲಿ ಇದರ ಬಗ್ಗೆ ಅಧ್ಯಯನ ಪ್ರಕಟಿಸಿದರು. ಹಾವು ಮೊಟ್ಟೆಗಳಿಗೆ ಬಾಯಿ ಹಾಕಿದೊಡನೆ ಉಳಿದ ಮರಿಗಳು ದಿನ ತುಂಬದಿದ್ದರೂ ಪೊರೆ ಸೀಳಿ ನೀರಿಗೆ ಧುಮುಕುತ್ತವೆ!

ಮಳೆಹನಿ ಬಿದ್ದಾಗಲೂ ಎಲೆ ಅಲುಗುತ್ತದಲ್ಲ? ಆಗ ಅವು ಕದಲುವುದಿಲ್ಲ. ಹನಿಯ ನಡುಕ ಯಾವುದು, ಹಾವಿನ ಎಳೆತ ಯಾವುದು ಎಂದು ಲೋಳೆಯೊಳಗಿದ್ದುಕೊಂಡೇ ಗುರುತಿಸುತ್ತವೆ. ಹುಟ್ಟುವ ಮೊದಲೇ ಈ ಅರಿವು! ಸುಬ್‌ಹಾನಲ್ಲಾಹ್.

ಸುಮ್ಮನೆ ಹೆದರಿ ಧುಮುಕಿದರೆ ನಷ್ಟ ಅವುಗಳಿಗೇ. ಕೆಳಗೆ ಮೀನು, ಸಿಗಡಿಗಳು ಕಾದಿರುತ್ತವೆ. ದಿನ ತುಂಬದ ಮರಿ ಗಾತ್ರದಲ್ಲಿ ಚಿಕ್ಕದು, ಬೇಗ ಅವುಗಳ ಬಾಯಿಗೆ ಸಿಗುತ್ತದೆ. ದಿನ ತುಂಬದ ಮಗುವನ್ನು ಎದೆಗವಚಿಕೊಂಡು ರಾತ್ರಿಯಿಡೀ ಎಚ್ಚರವಿದ್ದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಅಪಾಯವಿಲ್ಲದಿದ್ದರೆ ಆ ಮರಿಗಳು ಎಲೆಯ ಮೇಲೆಯೇ ಉಳಿದು ಇನ್ನೊಂದೆರಡು ದಿನ ಬೆಳೆಯುತ್ತವೆ.